ಆಳಂದದ ಸರಾಯಿ ಮತ್ತು ನನ್ನ ಅರ್ಜಿಗಳು

ಹೈಸ್ಕೂಲಿನಲ್ಲಿ ಇಷ್ಟು ವರ್ಷ ಇತಿಹಾಸ ಕಲಿಸಿದವಳಿಗೆ ಸಹನೆ ಜಾಸ್ತಿ ಇರುತ್ತದೆಂದು ಜನ ತಿಳಿಯುತ್ತಾರೆ. ನನಗಿದ್ದ ಅಷ್ಟಿಷ್ಟು ಸಹನೆ ನಮ್ಮೂರ ಸರಾಯಿಯ ಕೆಲಸಕ್ಕೆ ಕಚೇರಿಗಳಿಗೆ ಅಲೆದ ಎರಡು ವರ್ಷದಲ್ಲಿ ಪೂರಾ ಮುಗಿದುಹೋಯಿತು.

ನಾನು ಅಫಜಲಪುರ ತಾಲೂಕಿನ ಗೊಬ್ಬೂರಿನವಳು, ಲಗ್ನವಾಗಿ ಆಳಂದಕ್ಕೆ ಬಂದವಳು. ಇಲ್ಲಿ ತೊಗರಿ ಕೊಳ್ಳುವ ಅಡತಿ ಅಂಗಡಿಗಳ ಓಣಿ ಮುಗಿಯುವಲ್ಲಿ ಎತ್ತರದ ಕಲ್ಲಿನ ಕಮಾನು ಬಾಗಿಲೊಂದಿದೆ. ಆನೆ ಹೊಕ್ಕರೂ ತಲೆ ತಾಗದು. ಆ ದೊಡ್ಡ ಬಾಗಿಲಿನಲ್ಲೇ ಒಬ್ಬರು ಬಗ್ಗಿ ಹೋಗುವಷ್ಟು ಸಣ್ಣ ದಿಡ್ಡಿ. ಒಳಗೆ ಚೌಕಾದ ಅಂಗಳ, ನಡುವೆ ಬಾವಿ, ನಾಲ್ಕೂ ಕಡೆ ಎತ್ತರದ ಜಗತಿಯ ಮೇಲೆ ಕಮಾನಿನ ಕೋಣೆಗಳು. ಅರ್ಧ ಕೋಣೆಗಳ ಚಾವಣಿ ಬಿದ್ದಿದೆ. ಉಳಿದವುಗಳಲ್ಲಿ ಖಾಲಿ ಚೀಲ, ಹರಿದ ತಾಡಪತ್ರಿ, ಯಾರದೋ ಮುರಿದ ಕೂರಿಗೆ. ಊರಿನವರಿಗೆ ಅದು ‘ಸರಾಯಿ’. ಯಾಕೆ ಹಾಗನ್ನುತ್ತಾರೆಂದು ಕೇಳಿದರೆ, ‘ಸರಾಯಿಗೆ ಸರಾಯಿ ಅನ್ನದ ಮತ್ತೇನ ಅಂತಾರ್ರಿ’ ಎಂಬ ಉತ್ತರ ಸಿಗುತ್ತದೆ.

ಬಾಗಿಲ ಪಕ್ಕದ ಮೊದಲ ಕೋಣೆಯಲ್ಲಿ ಒಬ್ಬ ಹೆಂಗಸು ಜೋಳದ ರೊಟ್ಟಿ ಬಡಿದು ಹಮಾಲರಿಗೆ ಮಾರುತ್ತಿದ್ದರು. ವಯಸ್ಸು ಅರವತ್ತೈದರ ಮೇಲೆ. ಊರೆಲ್ಲ ಅವರನ್ನು ಖಾಲಾ ಎನ್ನುತ್ತದೆ, ಚಿಕ್ಕಮ್ಮ ಎಂದರ್ಥ. ಅವರ ತಾಯಿ, ತಾಯಿಯ ತಾಯಿ, ಅದಕ್ಕೂ ಹಿಂದಿನವರು ಅಲ್ಲೇ ಬಂದವರಿಗೆ ಅಡಿಗೆ ಮಾಡಿ ಹಾಕುತ್ತಿದ್ದರು, ಕುದುರೆಗಳಿಗೆ ಹುರುಳಿ ಬೇಯಿಸುತ್ತಿದ್ದರು. ಸರಾಯಿಗಳಲ್ಲಿ ಒಲೆ ಹೂಡುವ ಇಂಥ ಮನೆತನಗಳನ್ನು ಹಿಂದೆ ಭಟಿಯಾರರು ಅನ್ನುತ್ತಿದ್ದರು. ಖಾಲಾಗೆ ಆ ಮಾತು ಸೇರುವುದಿಲ್ಲ. ‘ನಾವು ರೊಟ್ಟಿ ಮಾಡೋರ್ರಿ’ ಅಷ್ಟೇ.

ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ನಾನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಸುಲ್ತಾನರ ಪಾಠ ಬಂದಾಗ ಪುಸ್ತಕದಲ್ಲಿ ಯುದ್ಧ ಮತ್ತು ಗುಮ್ಮಟ ಬಿಟ್ಟರೆ ಏನೂ ಇರುವುದಿಲ್ಲ. ಆ ಕಾಲದ ಪಟ್ಟಣಗಳಲ್ಲಿ ಹೊಟ್ಟೆಗೆ ಅನ್ನ ಹೇಗೆ ಬರುತ್ತಿತ್ತು ಎಂಬುದು ಮಕ್ಕಳಿಗೆ ತಿಳಿಯಬೇಡವೇ? ಬಾವಿಯ ಕಟ್ಟೆಯ ಮೇಲೆ ಕೂರಿಸಿ ಹೇಳುತ್ತಿದ್ದೆ. ಬೀದರದಿಂದ, ಕಲಬುರಗಿಯಿಂದ, ಸೊಲ್ಲಾಪುರದ ಕಡೆಯಿಂದ ಎತ್ತು, ಒಂಟೆ, ಕುದುರೆಗಳ ಮೇಲೆ ಸರಕು ಬರುತ್ತಿತ್ತು. ಒಂದು ದಿನದ ನಡಿಗೆಗೆ ಒಂದು ಸರಾಯಿ. ಬಂದವನು ಯಾವ ದೇಶದವನಾದರೂ ಒಳಗೆ ಬಿಡಬೇಕು. ಸರಕು ಕೆಳಗೆ, ಮನುಷ್ಯ ಜಗತಿಯ ಮೇಲೆ. ಹೊತ್ತು ಮುಳುಗಿದರೆ ದೊಡ್ಡ ಬಾಗಿಲು ಮುಚ್ಚಬೇಕು. ಬೆಳಿಗ್ಗೆ ಪ್ರತಿಯೊಬ್ಬನೂ ತನ್ನ ಸಾಮಾನು ಸರಿಯಿದೆ ಎಂದ ಮೇಲೆಯೇ ಬಾಗಿಲು ತೆರೆಯಬೇಕು. ಊರಿನ ದಲ್ಲಾಳಿಗಳು ಬಂದು ಮಾಲು ನೋಡಿ ಧಾರಣೆ ಕಟ್ಟುವುದು ಅಲ್ಲೇ. ಯಾವ ಘಾಟಿನಲ್ಲಿ ಕಳ್ಳರಿದ್ದಾರೆ, ಯಾವ ಹೊಳೆ ಬಂದಿದೆ ಎಂಬ ಸುದ್ದಿ ಸಿಗುವುದೂ ಅಲ್ಲೇ. ಹೊರಗೋಡೆಗೆ ಹತ್ತಿದ ಅಂಗಡಿಗಳ ಬಾಡಿಗೆಯಿಂದ ಒಳಗಿನ ದೀಪಕ್ಕೆ ಎಣ್ಣೆ, ಬಾವಿಗೆ ಹಗ್ಗ. ಮಕ್ಕಳು ಅರ್ಧ ಕೇಳುತ್ತಿದ್ದರು. ಇನ್ನರ್ಧ ಲಕ್ಷ್ಯ ಖಾಲಾ ಅವರ ರೊಟ್ಟಿಯ ಹೆಂಚಿನ ಮೇಲೆ ಇರುತ್ತಿತ್ತು. ಖಾಲಾ ಕಡೆಗೆ ಎಲ್ಲರಿಗೂ ತುಂಡು ರೊಟ್ಟಿ, ಚಟ್ನಿಯಂಥ ಶೇಂಗಾ ಹಿಂಡಿ ಕೊಡುತ್ತಿದ್ದರು.

ಒಂದು ಬೆಳಿಗ್ಗೆ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಮಡಚಿದ ಕಾಗದ.

‘ಮೇಡಮ್ಮೋರ, ಇದನ್ನ ಬಾಗಲಿಗಿ ಹಚ್ಚಿ ಹೋಗ್ಯಾರ. ಜರಾ ಓದಿ ಹೇಳ್ರಿ.’

ಓದಿದೆ. ‘ಉಪಯೋಗವಿಲ್ಲದ ಹಳೆಯ ಗೋದಾಮು’ ತೆರವುಗೊಳಿಸಿ ಮಾರುಕಟ್ಟೆಗೆ ಬರುವ ವಾಹನಗಳಿಗೆ ನಿಲುಗಡೆ ಮಾಡಲಾಗುವುದು, ಆಕ್ಷೇಪಣೆ ಇದ್ದವರು ತಿಂಗಳೊಳಗೆ ಲಿಖಿತವಾಗಿ ಸಲ್ಲಿಸಬೇಕು.

‘ಗೋದಾಮು ಅಂತ ಬರದಾರ’ ಎಂದೆ.

‘ಯಾರ್ ಗೋದಾಮು?’

‘ಇವರಪ್ಪಂದು’ ಎಂದುಬಿಟ್ಟೆ. ನನಗೆ ಅಷ್ಟು ಸಿಟ್ಟು ಬಂದಿತ್ತು. ಅದೇ ಸಿಟ್ಟಿನಲ್ಲಿ ಕೂತು ಮೊದಲ ಅರ್ಜಿ ಬರೆದೆ. ಅದು ಗೋದಾಮಲ್ಲ, ಸರಾಯಿ, ಹಿಂದಿನ ಕಾಲದ ವ್ಯಾಪಾರಿಗಳು ಇಳಿದುಕೊಳ್ಳುತ್ತಿದ್ದ ಜಾಗ, ಕೆಡವಬಾರದು, ಬದಲಿಗೆ ಸಂರಕ್ಷಿಸಬೇಕು ಎಂದು ಎರಡು ಪುಟ.

ಮೂರು ತಿಂಗಳು ಉತ್ತರವಿಲ್ಲ. ಕೆಡವಲೂ ಯಾರೂ ಬರಲಿಲ್ಲ. ವಿಚಾರಿಸೋಣವೆಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿ ಇನ್ನೂ ನನ್ನ ಕೆಲಸ ಬಾಕಿ ಇದೆ. ಗುಮಾಸ್ತ ರಿಜಿಸ್ಟರಿನ ಮೇಲೆ ಬೆರಳಾಡಿಸಿ, ‘ನಿಮ್ ಫೈಲ್ ಇಲ್ಲಿಲ್ರಿ. ಕಲಬುರಗಿಗೆ ಕಳಿಸೀವಿ’ ಎಂದ.

‘ಕಲಬುರಗಿಗೆ ಯಾರ ಕಡೆ?’

‘ಅಬಕಾರಿಯವರ ಕಡೆ.’

ನನಗೆ ಅರ್ಥವಾಗಲಿಲ್ಲ. ‘ಅಬಕಾರಿಯವರಿಗೂ ಇದಕ್ಕೂ ಏನ್ರಿ ಸಂಬಂಧ?’

ಅವನು ರಿಜಿಸ್ಟರು ನನ್ನ ಕಡೆ ತಿರುಗಿಸಿದ. ವಿಷಯ ಎಂಬ ಕಾಲಂನಲ್ಲಿ ಅಚ್ಚುಕಟ್ಟಾಗಿ ಟೈಪು ಮಾಡಲಾಗಿತ್ತು: ‘ಆಳಂದ ಪಟ್ಟಣದ ಹಳೆಯ ಸಾರಾಯಿ ಉಳಿಸುವ ಕುರಿತು ಶಿಕ್ಷಕಿಯ ಮನವಿ.’

‘ಇದು ಸಾರಾಯಿ ಅಲ್ರಿ, ಸರಾಯಿ.’

‘ಎರಡೂ ಒಂದ ಅಲ್ಲೇನ್ರಿ?’

‘ಒಂದು ಕುಡಿಯೋದು, ಒಂದು ಇರೋದು.’

ಅವನು ಸ್ವಲ್ಪ ವಿಚಾರ ಮಾಡಿದ. ‘ನಮಗೂ ಡೌಟ್ ಬಂತ್ರಿ. ಮೇಡಮ್ಮು ಇದನ್ಯಾಕ ಉಳಸಂತಾರ ಅಂತ. ಆದ್ರ ಸಾಲಿ ಟೀಚರು ಕೇಳ್ಯಾರ ಅಂದ್ಮ್ಯಾಲ ಕಳಿಸೂದು ನಮ್ ಧರ್ಮ.’

ಫೈಲು ಹಿಂದೆ ಬರಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಅಬಕಾರಿಯವರು ಅದಕ್ಕೆ ಒಂದು ಸಾಲಿನ ಟಿಪ್ಪಣಿ ಸೇರಿಸಿದ್ದರು: ಸದರಿ ಸ್ಥಳದಲ್ಲಿ ಯಾವುದೇ ಪರವಾನಗಿ ನೀಡಿರುವುದಿಲ್ಲ. ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ನನ್ನ ಗಂಡ ತುತ್ತು ಕೆಳಗಿಟ್ಟು ನಕ್ಕರು. ಅವರು ದಾಲ್ ಮಿಲ್ಲಿನಲ್ಲಿ ಮೇಸ್ತ್ರಿ. ನನಗೆ ನಗು ಬರಲಿಲ್ಲ. ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಫೈಲು ಬಂದ ಮೇಲೆ ಹೊಸ ತಕರಾರು. ಅದು ಸರಾಯಿಯೇ ಎನ್ನಲು ಪುರಾವೆ ಕೊಡಿ. ಶಾಸನವಿದೆಯೇ? ಇಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ಅಕ್ಷರ ಇದ್ದಿರಬಹುದು, ಈಗ ಅಲ್ಲಿ ಸುಣ್ಣದ ಪದರದ ಮೇಲೆ ಸುಣ್ಣದ ಪದರ, ಅದರ ಮೇಲೆ ಹಿಂದಿನ ಚುನಾವಣೆಯ ಬಣ್ಣ. ಊರಲ್ಲಿ ಕೇಳಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೂಡುವುದಿಲ್ಲ. ಅದು ನಿಜಾಮನ ಕಾಲದ ಜೈಲು ಎಂದು ಒಬ್ಬರು. ದಂಡಿನ ಕುದುರೆಲಾಯ ಎಂದು ಇನ್ನೊಬ್ಬರು. ನಮ್ಮ ಓಣಿಯ ಹಿರಿಯರೊಬ್ಬರು ಅದು ಮೊದಲು ಶರಣರ ದಾಸೋಹದ ಮನೆಯಾಗಿತ್ತು, ಸಾಕ್ಷಿ ಬೇಕಾದರೆ ಬಾವಿ ನೋಡು ಎಂದರು. ಬಾವಿ ಎಲ್ಲ ಕಡೆಯೂ ಇರುತ್ತದಲ್ಲ ಎಂದೆ. ‘ನೀ ಭಾಳ ಓದೀದಿ’ ಎಂದು ಮುಖ ತಿರುಗಿಸಿದರು.

ನನಗೊಂದು ವಿಚಾರ ಹೊಳೆಯಿತು. ಸರಾಯಿ ಒಂಟಿಯಾಗಿರುವುದಿಲ್ಲ. ಆಳಂದದಲ್ಲಿ ಒಂದಿದ್ದರೆ ದಾರಿಯ ಮುಂದಿನ ಊರುಗಳಲ್ಲಿ ಮತ್ತೊಂದು ಇರಲೇಬೇಕು. ಅವುಗಳನ್ನು ತೋರಿಸಿದರೆ ಇದನ್ನೂ ಒಪ್ಪಬೇಕಾಗುತ್ತದೆ. ಎರಡು ರವಿವಾರ ಅದಕ್ಕೇ ಇಟ್ಟೆ. ಮೊದಲ ರವಿವಾರ ಜೇವರ್ಗಿಗೆ ಹೋದೆ. ಪೇಟೆಯಲ್ಲಿ ಕೇಳುತ್ತ ಕೇಳುತ್ತ ಒಂದು ಬಟ್ಟೆ ಅಂಗಡಿಗೆ ಮುಟ್ಟಿದೆ. ಅಂಗಡಿಯ ಹಿಂದಿನ ಗೋಡೆ ನಮ್ಮ ಸರಾಯಿಯದೇ ಥರದ ಕಲ್ಲು, ಅದೇ ಥರದ ಕಮಾನು. ಕಮಾನಿನೊಳಗೆ ಗಾಜಿನ ಕಪಾಟು ಕೂಡಿಸಿ ಇಳಕಲ್ ಸೀರೆ ಜೋಡಿಸಿದ್ದರು. ಫೋಟೊ ತೆಗೆಯುತ್ತೇನೆ ಎಂದರೆ ಅಂಗಡಿಯವನು ಸೀರೆ ತಗೊಂಡರೆ ತೆಗೆಯಬಹುದು ಎಂದ. ತಗೊಂಡೆ. ಫೋಟೊದಲ್ಲಿ ಕಮಾನಿಗಿಂತ ಸೀರೆಗಳೇ ಹೆಚ್ಚು ಬಂದವು.

ಎರಡನೇ ರವಿವಾರ ಅಫಜಲಪುರ. ಅಲ್ಲಿ ಒಬ್ಬ ಮುದುಕರು ಬಹಳ ಪ್ರೀತಿಯಿಂದ ಮಾತಾಡಿಸಿದರು. ‘ಸರಾಯಿ? ಇತ್ತಲ್ರಿ. ದೊಡ್ಡದಿತ್ತು. ನಮ್ಮಪ್ಪ ಸಣ್ಣಾಂವ ಇದ್ದಾಗ ಅಲ್ಲಿ ಪಠಾಣರು ಬಂದು ಇಳೀತಿದ್ರಂತ, ಹಿಂಗು, ಒಣಹಣ್ಣು ಮಾರಾಕ.’

ನನಗೆ ಎಲ್ಲಿಲ್ಲದ ಖುಷಿ. ‘ಈಗ ಎಲ್ಲದ ಅಜ್ಜಾರ? ತೋರಸ್ತೀರೇನು?’

‘ಕುಂತೀರಲ್ರಿ’ ಎಂದರು. ‘ಈ ಕಟ್ಟಿ, ಆ ಗ್ವಾಡಿ, ಎಲ್ಲಾ ಅದರವೇ ಕಲ್ಲು. ಓಣಿ ಮಂದಿ ಎಲ್ಲಾ ಒಯ್ದು ಮನಿ ಕಟ್ಟಿಕೊಂಡೀವಿ. ಭಾಳ ಗಟ್ಟಿ ಕಲ್ಲು ನೋಡ್ರಿ.’

ಸೊಸೆಯನ್ನು ಕರೆದು ಚಹಾ ಮಾಡಿಸಿದರು. ಆ ಕಲ್ಲಿನ ಮೇಲೆ ಕೂತೇ ಚಹಾ ಕುಡಿದು ಬಂದೆ.

ಕಡೆಗೆ ಪುರಾವೆ ಎಂದು ಕೊಟ್ಟದ್ದು ಖಾಲಾ ತೋರಿಸಿದ್ದನ್ನೇ. ಇಷ್ಟು ವರ್ಷ ಮಕ್ಕಳನ್ನು ಕರೆದೊಯ್ದರೂ ನಾನು ಸರಿಯಾಗಿ ನೋಡಿರಲಿಲ್ಲ. ಜಗತಿಯ ಕೆಳಗೆ, ಮೂಲೆಯ ಗೋಡೆಯಲ್ಲಿ ಅಲ್ಲಲ್ಲಿ ಕಲ್ಲಿನಲ್ಲೇ ಕೊರೆದ ತೂತುಗಳು. ನಾನು ಅವನ್ನು ಅಲಂಕಾರ ಎಂದುಕೊಂಡಿದ್ದೆ. ಖಾಲಾ ಬೆರಳು ತೂರಿಸಿ, ‘ಇವು ದನಾ ಕಟ್ಟೂದ್ರಿ. ಇವು ತಳಗ ಅವ ನೋಡ್ರಿ, ಎತ್ತಿಂದು, ಕುದ್ರೀದು. ಆ ಮೂಲ್ಯಾಗ ಮ್ಯಾಲ ಅವ, ಅವು ಒಂಟಿಗೆ’ ಎಂದರು. ಹೋಗಿ ನೋಡಿದರೆ ಮೂಲೆಯ ತೂತುಗಳು ನನ್ನ ತಲೆಗಿಂತ ಎತ್ತರದಲ್ಲಿದ್ದವು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಅಂಚು ಕನ್ನಡಿಯಂತೆ ನುಣುಪಾಗಿತ್ತು. ಜೈಲಿನಲ್ಲಿ ಒಂಟೆ ಕಟ್ಟುವುದಿಲ್ಲವಲ್ಲ. ಎಲ್ಲ ಅಳೆದು, ಚಿತ್ರ ಬರೆದು ಕೊಟ್ಟೆ. ಸ್ಥಳ ಪರಿಶೀಲನೆಗೆ ಅಧಿಕಾರಿ ಬರುತ್ತಾರೆ ಎಂಬ ಉತ್ತರ ಬಂತು. ಮೂರು ಸಲ ದಿನ ಕೊಟ್ಟು ಮೂರು ಸಲವೂ ಬರಲಿಲ್ಲ.

ಅವರು ಬಂದದ್ದು ಹೆಸರುಕಾಳು ಪೇಟೆಗೆ ಬರುವ ದಿನಗಳಲ್ಲಿ, ದೊಡ್ಡ ಮಳೆಯ ಮರುದಿನ. ಆ ವಾರ ಆಳಂದದಲ್ಲಿ ಹೆಸರಿಗೆ ಒಳ್ಳೆ ಧಾರಣೆ ಇದೆಯೆಂದು ಅಫಜಲಪುರದ ಕಡೆಯವರು, ದೂರದ ಯಡ್ರಾಮಿಯವರೂ ಟೆಂಪೊ ಮಾಡಿಕೊಂಡು ಮಾಲು ತಂದಿದ್ದರು. ಮಧ್ಯಾಹ್ನ ಶುರುವಾದ ಮಳೆ ನಿಲ್ಲಲಿಲ್ಲ. ಅಫಜಲಪುರ ದಾರಿಯ ಹಳ್ಳ ತುಂಬಿ ಸೇತುವೆ ಮುಳುಗಿತು. ಆ ಕಡೆಯ ಬಸ್ಸುಗಳು ನಿಂತವು. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಲು ಜಾಗವಿಲ್ಲ, ಅಡತಿಗಳ ಪಡಸಾಲೆ ತುಂಬಿಹೋಗಿತ್ತು, ಚೀಲಗಳು ನೆನೆಯತೊಡಗಿದವು. ಆಗ ಖಾಲಾ ದೊಡ್ಡ ಬಾಗಿಲಿನ ಎರಡೂ ಕದ ತೆಗೆಸಿದರು. ಆ ಕದಗಳು ಪೂರ್ತಿ ತೆರೆದದ್ದನ್ನು ನಾನು ಅದೇ ಮೊದಲು ಕಂಡದ್ದು. ನಾಲ್ಕು ಹಮಾಲರು ಹೆಗಲು ಕೊಟ್ಟು ನೂಕಬೇಕಾಯಿತು.

ಮರುದಿನ ಬೆಳಿಗ್ಗೆ ಸಾಲೆಗೆ ರಜೆ. ಏನಾಗಿದೆಯೋ ನೋಡೋಣವೆಂದು ಹೋದೆ. ಚಾವಣಿ ಇದ್ದ ಕೋಣೆಗಳೆಲ್ಲ ತುಂಬಿದ್ದವು. ಎತ್ತರದ ಜಗತಿಯ ಮೇಲೆ ಚೀಲಗಳು ಮತ್ತೆ ನೆನೆಯದೆ ಇದ್ದವು. ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೂ ಮೇಲಕ್ಕೆ ಒಂದು ಹನಿ ಹತ್ತಿರಲಿಲ್ಲ. ಕಟ್ಟಿದವರು ಅದನ್ನು ಬಲ್ಲವರೇ ಆಗಿದ್ದರು. ಒಬ್ಬರು ಹಲ್ಲುಜ್ಜುತ್ತಿದ್ದರು. ಹೆಂಗಸರು ಒಂದು ಕೋಣೆಯಲ್ಲಿ ಸೀರೆ ಒಣಹಾಕಿದ್ದರು. ಖಾಲಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇದ್ದರು, ಪಕ್ಕದಲ್ಲಿ ಯಡ್ರಾಮಿಯ ಇಬ್ಬರು ಹೆಂಗಸರು ಹಿಟ್ಟು ನಾದಿ ಕೊಡುತ್ತಿದ್ದರು. ಇಬ್ಬರು ಅಡತಿಯವರು ಛತ್ರಿ ಹಿಡಿದು ಅಲ್ಲಿಗೇ ಬಂದಿದ್ದರು. ಕಮಾನಿನ ಕೆಳಗೆ ಕೂತು, ಅಂಗೈಯಲ್ಲಿ ಕಾಳು ಹರಡಿ, ಹಲ್ಲಲ್ಲಿ ಕಡಿದು ನೋಡಿ, ವ್ಯವಹಾರ ನಡೆಸಿದ್ದರು. ನಾನು ಮಕ್ಕಳಿಗೆ ಬಾಯಲ್ಲಿ ಹೇಳುತ್ತಿದ್ದದ್ದೆಲ್ಲ ಕಣ್ಣ ಮುಂದೆ ನಡೆಯುತ್ತಿತ್ತು. ನೋಡುತ್ತ ನಿಂತುಬಿಟ್ಟೆ.

ಹನ್ನೊಂದಕ್ಕೆ, ನೀರು ಬಾರದ ಕಲಬುರಗಿ ರಸ್ತೆಯಿಂದ ಜೀಪು ಬಂತು. ಅಧಿಕಾರಿ ಬೆಂಗಳೂರಿನ ಕಡೆಯವರು, ಸೌಮ್ಯ ಮನುಷ್ಯ, ಪ್ಯಾಂಟು ಮಡಚಿಕೊಂಡು ನೀರಿಗಿಳಿದರು. ಸುತ್ತ ನೋಡಿ ಅವರ ಮುಖ ಸಪ್ಪಗಾಯಿತು.

‘ಯಾರು ಮೇಡಂ ಇವರೆಲ್ಲಾ?’

‘ದಾರಿ ಬಂದಾಗಿ ಇಳಕೊಂಡಾರ್ರಿ. ಯಡ್ರಾಮಿ, ಅಫಜಲಪುರದವರು.’

‘ಮೊದಲು ಇವರನ್ನೆಲ್ಲ ಆಚೆ ಕಳಿಸಿ. ಆಮೇಲೆ ಇದು ಸರಾಯಿ ಹೌದೋ ಅಲ್ವೋ ನೋಡೋಣ.’

ನಾನು ತಪ್ಪು ಕೇಳಿಸಿಕೊಂಡೆನೇನೋ ಎನಿಸಿತು. ‘ಸರ್, ಸರಾಯಿ ಅಂದ್ರ ಇದ ಅಲ್ರಿ. ಊರು ಬಿಟ್ಟು ಬಂದ ವ್ಯಾಪಾರದ ಮಂದಿ ಮಾಲು ಇಟ್ಟುಕೊಂಡು ಇಳಿಯೋ ಜಾಗ. ನಿಮಗ ಇದಕ್ಕಿಂತ ಪುರಾವಿ ಬೇಕೇನ್ರಿ?’

‘ಮೇಡಂ, ನಾನು ಕಟ್ಟಡ ನೋಡೋಕೆ ಬಂದಿರೋದು. ಜನರನ್ನಲ್ಲ. ಇವರು ಇದ್ರೆ ಅತಿಕ್ರಮಣ ಅಂತ ಬರೀಬೇಕಾಗುತ್ತೆ.’

ಯಡ್ರಾಮಿಯ ಗಿಡ್ಡ ಮನುಷ್ಯನೊಬ್ಬ ಚೀಲದ ಮೇಲಿಂದ ಇಳಿದು ಬಂದ. ‘ಸಾಹೇಬರ, ಹಳ್ಳ ಇಳೀತಂದ್ರ ನಾವು ಇಲ್ಲಿ ಒಂದ್ ಘಳಿಗಿ ನಿಂದ್ರಂಗಿಲ್ರಿ. ನಮಗೇನು ಈ ಕಟ್ಟಡ ಬೇಕಾಗಿಲ್ಲ’ ಎಂದ. ಅಧಿಕಾರಿ ತಲೆಯಾಡಿಸಿದರು. ಕೋಣೆಗಳನ್ನು ಅಳೆದರು, ಒಂಟೆಯ ತೂತುಗಳಿಗೆ ಟಾರ್ಚು ಹಾಕಿ ನೋಡಿದರು, ‘ಇಂಟರೆಸ್ಟಿಂಗ್’ ಎಂದರು. ಖಾಲಾ ಕೊಟ್ಟ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ನಿಂತೇ ಉಂಡರು, ಎರಡನೇ ರೊಟ್ಟಿಯನ್ನೂ ಕೇಳಿ ಹಾಕಿಸಿಕೊಂಡರು. ಸಂಜೆ ಹಳ್ಳ ಇಳಿಯಿತು, ಮಂದಿ ಹೋದರು.

ಎರಡು ತಿಂಗಳಿಗೆ ವರದಿಯ ಪ್ರತಿ ಸಿಕ್ಕಿತು. ಕಟ್ಟಡ ಪ್ರಾಚೀನವಾದದ್ದು, ಹಿಂದೆ ವರ್ತಕರ ವಾಸ್ತವ್ಯಕ್ಕೆ ಬಳಸಿರುವ ಸಾಧ್ಯತೆ ಇದೆ, ಕೆಡವುವುದು ಸೂಕ್ತವಲ್ಲ. ಓದುತ್ತ ಕಣ್ಣಲ್ಲಿ ನೀರು ಬಂತು. ಮುಂದಿನ ಸಾಲು ಓದಿದೆ. ಆದ್ದರಿಂದ ಕಟ್ಟಡದ ಸುರಕ್ಷತೆಗಾಗಿ ಯಾರೂ ಅಲ್ಲಿ ವಾಸ್ತವ್ಯ ಮಾಡದಂತೆ, ಬೆಂಕಿ ಹೊತ್ತಿಸದಂತೆ ಬಾಗಿಲಿಗೆ ಬೀಗ ಹಾಕತಕ್ಕದ್ದು.

ಬೀಗ ಬಿತ್ತು. ಖಾಲಾ ಅವರ ಹೆಂಚು, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿ ರಸ್ತೆಗೆ ಬಂದವು. ನಾನು ಓಡಿಹೋದಾಗ ಅವರು ಡಬ್ಬಿಯ ಮೇಲೆ ಕೂತಿದ್ದರು.

‘ಕೆಡವತಾರ ಅಂದಿದ್ರು, ಕೆಡವೂತನಾ ಒಳಗರ ಇರತಿದ್ದೆ’ ಎಂದರು. ‘ನೀವು ಉಳಿಸಿದ್ರಿ, ನಾ ಹೊರಗ ಬಂದೆ.’

ಸಿಟ್ಟು ಯಾರ ಮೇಲೆ ಮಾಡಬೇಕೆಂದು ತಿಳಿಯಲಿಲ್ಲ. ಅಧಿಕಾರಿ ತಮ್ಮ ಕೆಲಸ ಮಾಡಿದ್ದರು. ಅರ್ಜಿ ಬರೆದವಳು ನಾನು. ಖಾಲಾ ತಿಂಗಳಮಟ ನನ್ನ ಜೊತೆ ಮಾತು ಬಿಟ್ಟರು. ಪೇಟೆಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಆ ಕಡೆಯಿಂದ ಹೋಗುವರು. ಆ ತಿಂಗಳು ನಾನು ಬರೆದಷ್ಟು ಅರ್ಜಿ ಜನ್ಮದಲ್ಲಿ ಬರೆದಿಲ್ಲ. ಕಟ್ಟಡ ಉಳಿಯಬೇಕು, ಒಪ್ಪಿದೆ, ಆದರೆ ಜನ ಹೊಕ್ಕು ಹೊರಡುವುದಕ್ಕೇ ಕಟ್ಟಿದ್ದನ್ನು ಮುಚ್ಚಿಟ್ಟು ಏನನ್ನು ಉಳಿಸಿದಿರಿ ಎಂದು ಬರೆದೆ. ಕೀಲಿ ಇದ್ದವನು ರಜೆಯಲ್ಲಿದ್ದಾನೆ ಎಂಬ ಉತ್ತರ ಎರಡು ಸಲ ಬಂತು, ನಾನು ಕೀಲಿ ಕೇಳಿಯೇ ಇರಲಿಲ್ಲ.

ಕೊನೆಗೆ ಇಷ್ಟಾಯಿತು. ಸಂತೆಯ ದಿನ ಮುಂಜಾನೆಯಿಂದ ಸಂಜೆವರೆಗೆ ಬಾಗಿಲು ತೆಗೆಯಬಹುದು. ಮಾಲು ತಂದವರು ನೆರಳಿಗೆ ಕೂಡಬಹುದು, ಚೀಲ ಇಡಬಹುದು. ಜವಾಬ್ದಾರಿ ಅರ್ಜಿದಾರಳದು, ಅಂದರೆ ನನ್ನದು. ಪ್ರತಿ ವಾರ ಸಹಿ ಮಾಡಿ ಕೀಲಿ ತರಬೇಕು, ಸಹಿ ಮಾಡಿ ಕೊಡಬೇಕು. ಇಷ್ಟು ಓದಿ ಮಾಸ್ತರ ನೌಕರಿ ಮಾಡಿದವಳು ಈಗ ವಾರಕ್ಕೊಂದು ದಿನ ಸರಾಯಿಯ ಬಾಗಿಲು ಕಾಯುತ್ತೇನೆ. ಜನ ಬರುತ್ತಾರೆ, ಅದು ಖರೆ. ಬುತ್ತಿ ಬಿಚ್ಚಿ ಉಣ್ಣುತ್ತಾರೆ, ಜಗತಿಯ ಮೇಲೆ ಕಾಲು ಚಾಚಿ ಒಂದು ನಿದ್ದೆ ತೆಗೆಯುತ್ತಾರೆ. ನಾನು ಯಾರೆಂದು ಯಾರೂ ಕೇಳುವುದಿಲ್ಲ. ಒಬ್ಬಾತ ನನ್ನನ್ನು ಪಾಯಖಾನೆಯ ದುಡ್ಡು ವಸೂಲಿ ಮಾಡುವವಳು ಎಂದುಕೊಂಡಿದ್ದ.

ಒಳಗೆ ಒಲೆ ಹೂಡಲು ಮಾತ್ರ ಬಿಡಲಿಲ್ಲ. ಒಂದು ಮಧ್ಯಾಹ್ನ ಖಾಲಾ ಮತ್ತೆ ನಮ್ಮ ಮನೆಗೆ ಬಂದು ಹೊಸ್ತಿಲಲ್ಲಿ ನಿಂತರು. ‘ಬಾಗಲ ಬಾಜೂಕ ತಗಡು ಹಾಕಿಕೊಳ್ಳಾಕ ಅರ್ಜಿ ಬೇಕಂತ. ಬರದು ಕೊಡ್ರಿ. ಮತ್ತ ಯಾರಿಗಿ ಕೇಳ್ಲಿ’ ಎಂದರು. ಬರೆದುಕೊಟ್ಟೆ. ಚಹಾ ಕುಡಿದರು. ಹಳೆಯದನ್ನು ಇಬ್ಬರೂ ಎತ್ತಲಿಲ್ಲ. ಆಶ್ಚರ್ಯವೆಂದರೆ ಆ ಅರ್ಜಿ ಎಂಟೇ ದಿನದಲ್ಲಿ ಮಂಜೂರಾಯಿತು.

ತಗಡಿನ ಶೆಡ್ಡು ಎದ್ದಿದೆ. ಆದರೆ ಬೆಸುಗೆಯವನು ಅದರ ಇಳಿಜಾರು ತಿರುಗಾಮುರುಗಾ ಕೊಟ್ಟಿದ್ದಾನೆ. ಮಳೆ ಬಂದರೆ ತಗಡಿನ ನೀರೆಲ್ಲ ಹೋಗಿ ಬೀಳುವುದು ಸರಾಯಿಯ ಗೋಡೆಯ ಬುಡಕ್ಕೇ. ಮೊನ್ನೆ ಬಿದ್ದ ಅಕಾಲ ಮಳೆಗೆ ಗಾರೆ ಒಂದು ಮೊಳ ಉದುರಿದೆ. ಇಳಿಜಾರು ಬದಲಿಸ್ರಿ ಎಂದರೆ ರಸ್ತೆಗೆ ನೀರು ಬೀಳುತ್ತದೆ, ಗಿರಾಕಿಗಳು ನಿಲ್ಲುವುದೆಲ್ಲಿ ಎಂದು ಖಾಲಾ ವಾದಿಸುತ್ತಾರೆ. ಹಾಗಾದರೆ ಪೈಪಾದರೂ ಹಾಕಿಸಿ ಎಂದೆ. ಮೂರು ವಾರ ಜಗಳಾಡಿದ ಮೇಲೆ ಹಾಕಿಸಿದರು, ಅರ್ಧಕ್ಕೆ. ಉಳಿದರ್ಧ ಮುಂದಿನ ಸಂತೆಗೆ ಎಂದಿದ್ದಾರೆ. ಅಲ್ಲಿಯವರೆಗೆ ಪೈಪಿನ ಬಾಯಿಗೆ ನಮ್ಮ ಮನೆಯ ಹಳೆ ಬಕೆಟ್ಟು ಇಟ್ಟು ಬಂದಿದ್ದೇನೆ.